ಲಾಲಪ್ಪ ಮಾಸ್ತರರ ಬಹುಮಾನವಿಲ್ಲದ ಆಟ

ಪುಣೆಯ ಯೆರವಡಾದಲ್ಲಿ, ಕನ್ನಡದವರೇ ಹೆಚ್ಚಿರುವ ನವಕಿರಣ ಸೊಸಾಯಿಟಿಯ ಮೂರನೆಯ ಮಹಡಿಯಲ್ಲಿ ಒಂದು ಬಾಗಿಲಿಗೆ ಹಿತ್ತಾಳೆಯ ಫಲಕವಿದೆ. 'ಲಾಲಪ್ಪ, ಪಿಎಚ್.ಡಿ. ಪ್ರಗತಿಯಲ್ಲಿದೆ' ಎಂದು ಅದರ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ಕೆತ್ತಿಸಲಾಗಿದೆ. ಪುಣೆಯಲ್ಲಿ 'ಪ್ರಗತಿಯಲ್ಲಿದೆ' ಎಂಬ ಮಾತು ಸಾಮಾನ್ಯವಾಗಿ ಅಗೆದು ಬಿಟ್ಟ ರಸ್ತೆಯ ಪಕ್ಕದಲ್ಲಿ ಕಾಣಸಿಗುತ್ತದೆ. ಹಾಗಾಗಿ ಹೊಸದಾಗಿ ಬಂದ ಕೊರಿಯರಿನವನು, ಒಳಗೆ ಟೈಲ್ಸ್ ಕೆಲಸ ನಡೆದಿರಬಹುದೆಂದು ಎಣಿಸಿ, ಚಪ್ಪಲಿ ಹಾಕಿಕೊಂಡೇ ಒಳಬಂದು ಲಾಲಪ್ಪನವರ ಹೆಂಡತಿ ಶರಣಮ್ಮನ ಕೈಯಲ್ಲಿ ಬೈಸಿಕೊಂಡದ್ದು ಉಂಟು.

ಲಾಲಪ್ಪ ಮಾಸ್ತರರು ಮರಾಠಿ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಾರೆ. ಕಲಿಸುತ್ತಾರೆ ಎಂಬುದು ಶಾಲೆಯ ವೇಳಾಪಟ್ಟಿಯ ಹೇಳಿಕೆ. ವಾಸ್ತವದಲ್ಲಿ ಅವರ ಪೀರಿಯಡ್ಡು ಬಂತೆಂದರೆ ಗಣಿತದ ಮಾಸ್ತರರು ಬಾಗಿಲಲ್ಲಿ ನಿಂತು, "ಲಾಲ್ ಸರ್, ಇವತ್ತೊಂದಿನ ಕೊಡಿ, ಪೋರ್ಶನ್ ಉಳಿದಿದೆ" ಎನ್ನುತ್ತಾರೆ. ಆ ಒಂದು ದಿನ ಮಾಸ್ತರರು ನೌಕರಿಗೆ ಸೇರಿದಾಗಿನಿಂದ ನಡೆದೇ ಇದೆ. ಕೊರಳಲ್ಲಿ ಸೀಟಿ ತೂಗಿಸಿಕೊಂಡು ಖಾಲಿ ಮೈದಾನದಲ್ಲಿ ಒಬ್ಬರೇ ನಿಂತು ನಿಂತು ಅವರಿಗೆ ಒಂದು ವಿಚಾರ ಹೊಳೆದಿತ್ತು. ಮಕ್ಕಳಿಗೆ ಆಟದ ಹುಚ್ಚು ಹುಟ್ಟಿನಿಂದ ಇರುತ್ತದೆ. ಕಪ್ಪು, ಪದಕ, ಪ್ರಮಾಣಪತ್ರ ಕೊಟ್ಟು ದೊಡ್ಡವರು ಅದನ್ನು ಕೆಡಿಸುತ್ತಾರೆ. ಬಹುಮಾನವೇ ಇಲ್ಲದಿದ್ದರೆ ಮಕ್ಕಳು ಇನ್ನೂ ಚೆನ್ನಾಗಿ ಆಡುತ್ತಾರೆ. ಈ ವಿಚಾರವನ್ನು ಹಿಡಿದುಕೊಂಡು ಅವರು ಸಂಶೋಧನೆಗೆ ಹೆಸರು ನೋಂದಾಯಿಸಿದ್ದರು. ಪ್ರಸ್ತಾವನೆ ಮೂರು ಸಲ ತಿರಸ್ಕೃತವಾಗಿತ್ತು. ಫಲಕ ಮಾತ್ರ ಮೊದಲ ಸಲಕ್ಕೇ ತಯಾರಾಗಿತ್ತು.

ತಿರಸ್ಕರಿಸಿದವರು ಅವರ ಮಾರ್ಗದರ್ಶಕಿ ಡಾ. ತ್ರಿವೇಣಿ ಮೇಡಂ. ಧಾರವಾಡದ ಮಗಳು, ಪುಣೆಯ ಸದಾಶಿವ ಪೇಠದ ಸೊಸೆ. ಈ ಎರಡು ಊರುಗಳ ನೇರ ಮಾತು ಒಂದೇ ನಾಲಿಗೆಯಲ್ಲಿ ಸೇರಿದರೆ ಏನಾಗಬಹುದೋ ಅದು ಅವರ ಬಾಗಿಲಿನ ಬರಹದಲ್ಲೇ ತಿಳಿಯುತ್ತಿತ್ತು: 'ಗಂಟೆಯನ್ನು ಒಮ್ಮೆ ಒತ್ತಿ. ನಾವು ಕಿವುಡರಲ್ಲ. ಮಧ್ಯಾಹ್ನ ಒತ್ತಬೇಡಿ. ಆಗ ನಾವು ಕಿವುಡರು.'

"ಅಲ್ರೀ ಲಾಲಪ್ಪ," ಎಂದರು ಮೇಡಂ ನಾಲ್ಕನೆಯ ಪ್ರಸ್ತಾವನೆಯನ್ನು ಮುಚ್ಚಿ, "ಬಹುಮಾನ ಇಲ್ಲದಿದ್ರೂ ಹುಡುಗರು ಆಡ್ತಾರ ಅಂತ ಬರದೀರಿ. ಎಲ್ಲಿ ಆಡ್ಯಾರ? ಯಾರ ಕಣ್ಣಿಗೆ ಬಿದ್ದದ?"

"ಜಗತ್ತಿನಾಗ ಎಲ್ಲಾ ಕಡಿ ಆಡ್ತಾರಲ್ರಿ ಮೇಡಂ."

"ಜಗತ್ತಿಗೆಲ್ಲಾ ಅಡ್ಡಾಡ್ಲಿಕ್ಕೆ ನನಗ ರಜಾ ಇಲ್ಲ. ಗಣಪತಿ ಹಬ್ಬದಾಗ ನಿಮ್ಮ ಸೊಸಾಯಿಟ್ಯಾಗ ಆಟ ಇಡ್ತಾರಲ್ಲ, ಅಲ್ಲಿ ಬಹುಮಾನ ಬಿಟ್ಟು ಆಡಸ್ರಿ. ನಾನ ಬಂದು ನೋಡ್ತೀನಿ. ಆಡಿದ್ರ ಸಹಿ. ಆಡ್ಲಿಲ್ಲ, ನಿಮ್ಮ ನೋಂದಣಿ ರದ್ದು. ಮನ್ಯಾಗ ಆ ಫಲಕ ಹಾಕೀರಂತ ಕೇಳೀನಿ. ಅದನ್ನೂ ತಗೀರಿ."

ಮಾಸ್ತರರಿಗೆ ನೋಂದಣಿಗಿಂತ ಫಲಕದ ಮಾತೇ ಹೆಚ್ಚು ನಾಟಿತು.

"ಮತ್ತ ನೋಡ್ರಿ, ಯಾಕ ಆಡಸ್ಲಿಕತ್ತೀರಿ ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಹೇಳಿದ್ರ ಮಂದಿ ನಿಮಗ ಬೇಕಾದಂಗ ಮಾಡಿ ತೋರಸ್ತಾರ. ಸಂಶೋಧನಾ ಕೆಡ್ತದ."

ಲಾಲಪ್ಪ ಮಾಸ್ತರರು ಜೀವನದಲ್ಲಿ ಅನೇಕ ಸೂಚನೆಗಳನ್ನು ಮರೆತಿದ್ದಾರೆ. ಈ ಒಂದನ್ನು ಮಾತ್ರ ಅಕ್ಷರಶಃ ಪಾಲಿಸಿದರು. ಮುಂದೆ ನಡೆದ ಎಲ್ಲದಕ್ಕೂ ಕಾರಣ ಅವರ ಈ ಪ್ರಾಮಾಣಿಕತೆಯೇ ಹೊರತು ಬೇರೇನೂ ಅಲ್ಲ.

ಇಲ್ಲಿ ನವಕಿರಣ ಸೊಸಾಯಿಟಿಯ ಒಂದು ಪದ್ಧತಿಯನ್ನು ಹೇಳಲೇಬೇಕು. ಗಣೇಶೋತ್ಸವದ ಆಟಗಳಲ್ಲಿ ಮೊದಲ ಮೂರು ಬಹುಮಾನ ಹಂಚಿದ ಮೇಲೆ ಉಳಿದವರಿಗೆಲ್ಲ 'ಉತ್ತೇಜನಾರ್ಥ' ಎಂಬ ಬಹುಮಾನ ಕೊಡುತ್ತಾರೆ. ಓಡಿದವರಿಗೆ, ಬಿದ್ದವರಿಗೆ, ಹೆಸರು ಕೊಟ್ಟು ಬಾರದವರಿಗೆ. ಹಿಂದಿನ ವರ್ಷ ಜ್ವರ ಬಂದು ಬಾಲ್ಕನಿಯಲ್ಲಿ ಕೂತು ನೋಡಿದ ಹುಡುಗನಿಗೂ ಗಣೇಶೋತ್ಸವ ಮಂಡಳದ ಕಾರ್ಯದರ್ಶಿ ದತ್ತು ಒಂದು ಸ್ಟೀಲ್ ಡಬ್ಬಿಯನ್ನು ಮನೆಗೇ ಒಯ್ದು ಮುಟ್ಟಿಸಿದ್ದ. ಸೊಸಾಯಿಟಿಯ ಯಾವ ಅಡುಗೆಮನೆಗೆ ಹೋದರೂ ಸಾಸಿವೆ, ಜೀರಿಗೆ, ಉಪ್ಪು ಎಲ್ಲವೂ 'ಉತ್ತೇಜನಾರ್ಥ' ಎಂದು ಕೆತ್ತಿದ ಡಬ್ಬಿಗಳಲ್ಲೇ ಇರುತ್ತವೆ.

ಇಂಥ ಜನರ ಸಭೆಯಲ್ಲಿ, ಆಟಗಳ ಹೊಣೆ ಹೊತ್ತ ಲಾಲಪ್ಪ ಮಾಸ್ತರರು ಎದ್ದು ನಿಂತು ಸೀಟಿಯನ್ನು ಸರಿಪಡಿಸಿಕೊಂಡು ಹೇಳಿದರು: "ಈ ವರ್ಷ ಆಟಕ್ಕ ಬಹುಮಾನ ಇಲ್ಲ."



ಫ್ಲೆಕ್ಸ್ ಮುದ್ರಿಸುವ ಅಂಗಡಿಯ ಮಾಲೀಕನೂ ಆಗಿದ್ದ ದತ್ತು ಮೆಲ್ಲನೆ ಕೈ ಎತ್ತಿದ. "ಒಂದು, ಎರಡು, ಮೂರು ಇಲ್ಲಂದ್ರ ತಿಳೀತು ಮಾಸ್ತರ್. ಉತ್ತೇಜನಾರ್ಥರೆ ಇರ್ತದಲ್ರಿ?"

"ಅದೂ ಇಲ್ಲ."

"ಅರೆ ಬಾಪ್ ರೇ! ಯಾಕ್ರಿ?"

"ಯಾಕಂತ ಹೇಳ್ಲಾಕ ಬರಂಗಿಲ್ಲ."

"ರೊಕ್ಕದ ಅಡಚಣಿ ಇದ್ರ ನಾವು ಪಟ್ಟಿ ಹಾಕ್ತೀವಿ."

"ರೊಕ್ಕದ ಮಾತಲ್ಲ ದತ್ತು. ಮ್ಯಾಲಿನವರ ಸೂಚನಾ ಅದ. ಒಬ್ಬ ಮೇಡಂ ನೋಡ್ಲಾಕ ಬರ್ತಾರ. ಯಾರು, ಎಲ್ಲಿಂದ, ಯಾಕಂತ ಯಾರೂ ಕೇಳಬ್ಯಾಡ್ರಿ. ಹುಡುಗ್ರು ಆಡಬೇಕು, ಅಷ್ಟೇ."

ಮಾಸ್ತರರು ಕೂತರು. ತಾವು ಒಂದು ಸುಳ್ಳೂ ಹೇಳಲಿಲ್ಲ, ಒಂದು ಗುಟ್ಟೂ ಬಿಡಲಿಲ್ಲ ಎಂಬ ಸಮಾಧಾನ ಅವರ ಮುಖದಲ್ಲಿತ್ತು. ಸಭೆಯಲ್ಲಿದ್ದವರ ಮುಖದಲ್ಲಿ ಬೇರೆಯೇ ಬೆಳಕು ಮೂಡತೊಡಗಿತ್ತು.

ಅದನ್ನು ಬೆಂಕಿಯಾಗಿಸಿದವರು ನೆಲಮಹಡಿಯ ಸಕ್ಕುಬಾಯಿ. ಮೆಟ್ಟಿಲ ಪಕ್ಕವೇ ಮನೆಯಾದ್ದರಿಂದ ಅವರನ್ನು ದಾಟದೆ ಯಾರೂ ಮೇಲೆ ಹೋಗುವಂತಿರಲಿಲ್ಲ. "ವಿಚಾರ ಮಾಡ್ರಿ ಯವ್ವಾ," ಎಂದು ಅವರು ಮೆಂತ್ಯ ಸೋಸುತ್ತ ಕೂಡಿದ ಹೆಂಗಸರಿಗೆ ಹೇಳಿದರು. "ಪುಣೆದಾಗ ಬಕ್ಷೀಸ ಇಲ್ದ ಆಟ ಎಲ್ಲ್ಯರೆ ನಡೀತದೇನು? ಡಬ್ಬಿ ಇಲ್ಲ ಅಂದ್ರ ಡಬ್ಬಿಕಿಂತ ದೊಡ್ಡದೇನೋ ಅದ. ಮ್ಯಾಲಿನವರು ಅಂದ್ರ ಯಾರು? ಸರ್ಕಾರ. ಮೇಡಂ ಯಾಕ ಬರ್ತಾರ? ಆರಸ್ಲಾಕ."

"ಏನು ಆರಸ್ಲಾಕ?"

"ಹುಡುಗ್ರಿಗಿ! ಹೊಸ ಕ್ರೀಡಾ ನೀತಿ ಬಂದದಂತ ಟಿವ್ಯಾಗ ಹೇಳಿಲ್ಲೇನು? ಸಣ್ಣವರಿದ್ದಾಗೇ ಹಿಡದು ಒಯ್ತಾರ. ಹಾಸ್ಟೆಲ್, ಬೂಟು, ಮೊಟ್ಟಿ, ಹಾಲು. ಮುಂದ ಕ್ರೀಡಾ ಕೋಟಾದಾಗ ಸೀದಾ ಸರ್ಕಾರಿ ನೌಕರಿ. ಆದ್ರ ಒಂದು ಮಾತು. ನಮಗ ಗೊತ್ತಾಗ್ಯದ ಅಂತ ಮಾಸ್ತರಗ ಗೊತ್ತಾಗಬಾರ್ದು. ಗೊತ್ತಾದ್ರ ಮೇಡಂ ಬೇರೆ ಸೊಸಾಯಿಟಿಗಿ ಹೋಗ್ತಾರ."

ಹೀಗೆ ಸೊಸಾಯಿಟಿಯಲ್ಲಿ ಎರಡು ಗುಟ್ಟುಗಳು ಹುಟ್ಟಿಕೊಂಡವು. ಮಾಸ್ತರರದನ್ನು ಜನರಿಗೆ ತಿಳಿಯದಂತೆ ಮಾಸ್ತರರು ಕಾಯುತ್ತಿದ್ದರು. ಜನರದನ್ನು ಮಾಸ್ತರರಿಗೆ ತಿಳಿಯದಂತೆ ಇಡೀ ಸೊಸಾಯಿಟಿ ಕಾಯುತ್ತಿತ್ತು.

ಮರುದಿನ ಬೆಳಿಗ್ಗೆ ಹಾಲು ತರಲು ಇಳಿದ ಮಾಸ್ತರರು ಮೆಟ್ಟಿಲಲ್ಲೇ ನಿಂತುಬಿಟ್ಟರು. ಸ್ಕೂಟರುಗಳನ್ನೆಲ್ಲ ಗೋಡೆಗೆ ಒತ್ತಿ ಅಂಗಳವನ್ನು ಖಾಲಿ ಮಾಡಲಾಗಿತ್ತು. ಸೊಸಾಯಿಟಿಯ ಮಕ್ಕಳೆಲ್ಲ ಬಾಯಲ್ಲಿ ಚಮಚ, ಚಮಚದಲ್ಲಿ ನಿಂಬೆಹಣ್ಣು ಹಿಡಿದು ಗಂಭೀರವಾಗಿ ನಡೆಯುತ್ತಿದ್ದರು. ಇನ್ನೊಂದು ಬದಿಯಲ್ಲಿ ಗೋಣಿಚೀಲಗಳು ಜಿಗಿಯುತ್ತಿದ್ದವು. ಎಲ್ಲಕ್ಕಿಂತ ಆಶ್ಚರ್ಯವೆಂದರೆ, ಓಟ ಎಂದರೆ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದ ಅವರ ಸ್ವಂತ ಮಗಳು ಭಾಗ್ಯಾಳೂ ಒಂದು ಚೀಲದಲ್ಲಿದ್ದಳು.

 ಮೈಸೂರು ಕಡೆಯಿಂದ ಬಂದು ಐಟಿ ಕಂಪನಿಯಲ್ಲಿದ್ದ ಅವಿನಾಶ್ ತನ್ನ ಮಗಳು ಪುಟ್ಟಿಯ ಚಮಚದ ಕೋನವನ್ನು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದ. ಮಾಸ್ತರರು ಅವನ ಹತ್ತಿರ ಹೋದರು.

"ಏನ್ರಿ ಅವಿನಾಶ್, ಇಷ್ಟ್ ಬೆಳಿಗ್ಗೆ?"

ಅವಿನಾಶ್ ಫೋನನ್ನು ಜೇಬಿಗೆ ತುರುಕಿದ. "ಏನಿಲ್ಲ ಸಾರ್, ಜಸ್ಟ್ ಹಾಗೇ. ಮಕ್ಕಳು ಆಡ್ಬೇಕು ಅಂದ್ರು."

"ಬಹುಮಾನ ಇಲ್ಲ, ಗೊತ್ತದಲ್ರಿ?"

"ಅಯ್ಯೋ, ಪ್ರೈಸ್ ಯಾರಿಗೆ ಬೇಕು ಸಾರ್! ಆನಂದ. ಓನ್ಲಿ ಆನಂದ."

ಮಾಸ್ತರರು ಮೇಲೆ ಬಂದು ಹಾಲು ತರಲು ಮರೆತದ್ದನ್ನೂ ಮರೆತು, "ಪ್ರೇರಣೆ ಒಳಗಿನಿಂದ ಬರುತ್ತದೆ" ಎಂದು ಗೋಡೆಯನ್ನು ನೋಡುತ್ತ ಹೇಳಿದರು. ಶರಣಮ್ಮ, "ಹಾಲು ಹೊರಗಿಂದೇ ಬರಬೇಕು, ಹೋಗ್ರಿ" ಎಂದಳು.

ಆನಂದ ಎಂಬ ಮಾತು ಅವಿನಾಶನ ಬಾಯಿಗೆ ಬಂದದ್ದು ಆಕಸ್ಮಿಕವಲ್ಲ. ಅಪ್ಪ ಮನೆಯಲ್ಲಿ ದಿನವೂ ಏನು ಪಠಿಸುತ್ತಾನೆ ಎಂದು ಸಕ್ಕುಬಾಯಿ ಭಾಗ್ಯಾಳನ್ನು ಚಕ್ಕುಲಿ ಕೊಟ್ಟು ಕೇಳಿದ್ದರು. ಭಾಗ್ಯಾ ಚಕ್ಕುಲಿಗೆ ತಕ್ಕಷ್ಟು ಹೇಳಿದ್ದಳು. ಅದರಿಂದ ಸಕ್ಕುಬಾಯಿ ತೆಗೆದ ತೀರ್ಮಾನ ಇದು: ಮೇಡಂ 'ಯಾಕೆ ಆಡುತ್ತೀಯ' ಎಂದರೆ 'ಆನಂದಕ್ಕಾಗಿ, ಬಹುಮಾನಕ್ಕಾಗಿ ಅಲ್ಲ' ಎನ್ನಬೇಕು, ಇದೇ ಸರಿಯುತ್ತರ. ಅವಿನಾಶ್ 'ಆನಂದ ಓನ್ಲಿ' ಎಂಬ ವಾಟ್ಸಪ್ ಗುಂಪು ಕಟ್ಟಿದ. ಮಾಸ್ತರರ ಮನೆಯನ್ನು ಬಿಟ್ಟು ಎಲ್ಲರೂ ಅದರಲ್ಲಿದ್ದರು. ಚಮಚ ಸ್ಟೀಲಿನದಿರಬೇಕೋ ಮರದ್ದೋ ಎಂಬುದರ ಮೇಲೆ ಅಲ್ಲಿ ದೀರ್ಘ ಚರ್ಚೆ ನಡೆಯಿತು. ನಿಂಬೆಹಣ್ಣು-ಚಮಚಕ್ಕೆ ಎಲ್ಲಾದರೂ ಕೋಚಿಂಗ್ ಕ್ಲಾಸ್ ಇದೆಯೇ ಎಂದು ಅವಿನಾಶ್ ಕ್ಲಾಸುಗಳಿಗೆ ಹೆಸರಾದ ಇಡೀ ಸದಾಶಿವ ಪೇಠವನ್ನು ಫೋನಿನಲ್ಲೇ ಜಾಲಾಡಿದ. ಒಂದು ಕ್ಲಾಸಿನವರು, ಈಗ ಇಲ್ಲ, ಮಕ್ಕಳು ಸಾಕಷ್ಟು ಕೂಡಿದರೆ ಶುರು ಮಾಡುತ್ತೇವೆ ಎಂದರಂತೆ. ಬೀದಿಯ ಕಿರಾಣಿ ಅಂಗಡಿಯಲ್ಲಿ ನಿಂಬೆಹಣ್ಣು ಮುಗಿದುಹೋಯಿತು. ಅಂಗಡಿಯವನು, "ಯಾರಿಗೆ ದೃಷ್ಟಿಯಾಗಿದೆ?" ಎಂದು ಮರಾಠಿಯಲ್ಲಿ ಮೆಲ್ಲಗೆ ವಿಚಾರಿಸಿದ.

ಮಾಸ್ತರರ ಮನೆಗೆ ಹೋಳಿಗೆ ಬಂತು, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಬಂತು, ಎಣ್ಣೆಗಾಯಿ ಬಂತು. ಮಾಸ್ತರರು ತಿಂದು, "ವಿದ್ಯೆಗಿ ಮರ್ಯಾದಿ ಕೊಡೋ ಮಂದಿ" ಎಂದರು. ಸುದ್ದಿ ಯಾದಗಿರಿಗೂ ಮುಟ್ಟಿ, ಅಲ್ಲಿಂದ ಅವರ ತಂಗಿ ಫೋನ್ ಮಾಡಿ, "ಅಣ್ಣಾ, ನನ್ನ ಮಗಗೂ ಏನರೆ ಮಾಡು" ಎಂದಳು. "ಬಂದು ಆಡ್ಲಿ, ಆದ್ರ ಏನೂ ಸಿಗಂಗಿಲ್ಲ ನೋಡವ್ವ" ಎಂದರು ಮಾಸ್ತರರು. "ತಿಳೀತು ಬಿಡಣ್ಣ, ಫೋನಿನ್ಯಾಗ ಅಷ್ಟೇ ಹೇಳಬೇಕು" ಎಂದು ಆಕೆ ಫೋನ್ ಇಟ್ಟಳು. ದತ್ತು ಒಂದು ಸಂಜೆ ತಡೆದು ನಿಲ್ಲಿಸಿ, "ಮಾಸ್ತರ್, ವಯಸ್ಸಿಂದು ಏನರೆ ಕಟ್ಟಳಿ ಅದೇನ್ರಿ?" ಎಂದು ಕೇಳಿದ. ಅವನಿಗೆ ತಲೆಯ ಮುಂಭಾಗದ ಕೂದಲು ಹೋಗಿ ಬಹಳ ಕಾಲವಾಗಿತ್ತು. "ಆನಂದಕ್ಕ ವಯಸ್ಸೆಲ್ಲಿ ದತ್ತು!" ಎಂದರು ಮಾಸ್ತರರು. ಅಂದಿನಿಂದ ಗೋಣಿಚೀಲಗಳ ಸಾಲಿನಲ್ಲಿ ಒಂದು ಚೀಲ ಉಳಿದವುಗಳಿಗಿಂತ ತುಂಬ ಎತ್ತರವಿತ್ತು.

ಆಟದ ದಿನ ಸೊಸಾಯಿಟಿಯ ಗೇಟಿನ ಮೇಲೆ ದತ್ತುವಿನ ಫ್ಲೆಕ್ಸ್ ಏರಿತು. ಹೆಸರು ಗೊತ್ತಿಲ್ಲದ ಕಾರಣ 'ಮಾನ್ಯ ಮೇಡಂ ಅವರಿಗೆ ಹಾರ್ದಿಕ ಸ್ವಾಗತ' ಎಂದಷ್ಟೇ ಬರೆದಿತ್ತು. ಮುಖ ಗೊತ್ತಿಲ್ಲದ ಕಾರಣ ಮೇಡಂ ಇರಬೇಕಾದ ಜಾಗದಲ್ಲಿ ಒಂದು ಗುಲಾಬಿ ಹೂವಿತ್ತು. ಸುತ್ತ ಶುಭಕೋರುವವರ ಮುಖಗಳು; ನಟ್ಟನಡುವೆ ಕಪ್ಪು ಕನ್ನಡಕ ಹಾಕಿದ ದತ್ತು. ತ್ರಿವೇಣಿ ಮೇಡಂ ರಿಕ್ಷಾ ಇಳಿದು ಅದನ್ನು ಪೂರ್ತಿ ಓದಿದರು.

"ಈ ಗುಲಾಬಿ ನಾನೇನ್ರಿ?"

"ಗೌರವ ಮೇಡಂ," ಎಂದರು ಮಾಸ್ತರರು ಹೆಮ್ಮೆಯಿಂದ. "ಸಂಶೋಧನಾಕ್ಕ ಇಷ್ಟ್ ಗೌರವ ಕೊಡೋ ಸೊಸಾಯಿಟಿ ಪುಣೆದಾಗ ಇನ್ನೊಂದಿಲ್ಲ."

ಢೋಲು ಬಡಿಯಿತು. ಆರತಿ ಆಯಿತು. ಮಕ್ಕಳು ಇಸ್ತ್ರಿ ಮಾಡಿದ ಚಡ್ಡಿ, ಹೊಸ ಬೂಟು ಹಾಕಿಕೊಂಡು ಸಾಲಾಗಿ ನಿಂತಿದ್ದರು. ಹಿಂದೆ ತಂದೆತಾಯಿಗಳು ಉಸಿರು ಬಿಗಿಹಿಡಿದಿದ್ದರು. ಮೇಡಂ ಮೊದಲ ಹುಡುಗನ ಮುಂದೆ ನಿಂತರು.

"ಯಾಕ ಆಡ್ತೀಯಪ್ಪಾ?"

"ಆನಂದಕ್ಕಾಗಿ, ಬಹುಮಾನಕ್ಕಾಗಿ ಅಲ್ಲ!"

ಮಾಸ್ತರರು ಕಣ್ಣೊರೆಸಿಕೊಂಡರು.

"ನೀ ಯಾಕ?"

"ಆನಂದಕ್ಕಾಗಿ, ಬಹುಮಾನಕ್ಕಾಗಿ ಅಲ್ಲ!"

ನಾಲ್ಕನೆಯ ಮಗುವಿನ ಹೊತ್ತಿಗೆ ಮೇಡಂ ಅವರ ಹುಬ್ಬು ಮೇಲೇರಿತು. ಎತ್ತರದ ಚೀಲದಲ್ಲಿದ್ದ ದತ್ತು ಕೇಳುವ ಮೊದಲೇ, "ಆನಂದಕ್ಕಾಗಿ!" ಎಂದ. ಮೇಡಂ ಅವನನ್ನು ದಾಟಿ ಸಾಲಿನ ಕೊನೆಯಲ್ಲಿದ್ದ ಪುಟ್ಟಿಯ ಮುಂದೆ ಮೊಣಕಾಲೂರಿ ಕೂತರು.

"ನೀನೂ ಆನಂದಕ್ಕೇ ಏನವ್ವಾ?"

ಪುಟ್ಟಿ ಚಮಚ ಕಚ್ಚಿಕೊಂಡೇ ತಲೆಯಾಡಿಸಿತು.

"ಆನಂದ ಅಂದ್ರೇನು?"

ಇದು ವಾಟ್ಸಪ್ ಗುಂಪಿನಲ್ಲಿ ಬಂದಿರದ ಪ್ರಶ್ನೆ. ಪುಟ್ಟಿ ಚಮಚ ತೆಗೆದು, ಅಪ್ಪನ ಕಡೆ ನೋಡಿ, ನೆನಪು ಮಾಡಿಕೊಂಡು ಸ್ಪಷ್ಟವಾಗಿ ಹೇಳಿತು: "ಗೌರ್ಮೆಂಟ್ ಜಾಬ್."

ಢೋಲಿನವನ ಕೈ ನಿಂತಿತು.

"ಏನಿದು ಲಾಲಪ್ಪ?" ಎಂದರು ಮೇಡಂ ಎದ್ದು.

ಮಾಸ್ತರರಿಗೆ ಏನೂ ತಿಳಿದಿರಲಿಲ್ಲ.  ಸಕ್ಕುಬಾಯಿಗೆ ತಡೆಯಲಾಗಲಿಲ್ಲ. "ಮೇಡಂ, ಕೂಸಿಂದು ಬಾಯಿ ತಪ್ಪೇದ, ಬಿಡ್ರಿ. ನೀವು ಆರಸ್ಕೊಳ್ರಿ. ನನ್ನ ಮೊಮ್ಮಗ ಆ ಎಡಗಡಿ ನಿಂತಾನ."

"ನಾ ಏನು ಆರಸ್ಲಿ? ನಾ ಸರ್ಕಾರದಾಕಿ ಅಲ್ಲ. ಇವರ ಪಿಎಚ್.ಡಿ. ಗೈಡ್ ನಾನು. ಬಹುಮಾನ ಇಲ್ದ ಹುಡುಗರು ಆಡ್ತಾರೋ ಇಲ್ಲೋ ಅಂತ ನೋಡ್ಲಿಕ್ಕೆ ಬಂದೀನಿ."

"ಅಂದ್ರ ಹಾಸ್ಟೆಲ್?"

"ಇಲ್ಲ."

"ಬೂಟು? ಮೊಟ್ಟಿ?"

"ಒಂದೂ ಇಲ್ರೀ!"

ಆಮೇಲೆ ಎದ್ದ ಗದ್ದಲವನ್ನು ಕ್ರಮವಾಗಿ ವರದಿ ಮಾಡುವುದು ಕಷ್ಟ. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು.

"ವರ್ಕ್ ಫ್ರಂ ಹೋಮ್ ತಗೊಂಡು ಕೋಚ್ ಮಾಡಿದೀನಿ ಸಾರ್! ಮ್ಯಾನೇಜರ್‌ಗೆ ಏನು ಹೇಳ್ಲಿ? ಲೆಮನ್ ಅಂಡ್ ಸ್ಪೂನ್ ಅನ್ಲಾ?"

"ಮಾಸ್ತರ್, ನನ್ನ ಎಣ್ಣಿಗಾಯಿ ತಿಂದೀರಿ!"

"ನಾ ಇಲ್ಲ ಅಂತೇ ಹೇಳೀನಲ್ರಿ!" ಎಂದು ಮಾಸ್ತರರು ಗೋಗರೆದರು. "ಬಹುಮಾನ ಇಲ್ಲ, ಇಲ್ಲ ಅಂತ ಸಿಕ್ಕಸಿಕ್ಕಲ್ಲಿ ಹೇಳೀನಿ!"

"ಇಲ್ಲ ಅಂದ್ರ ಇಲ್ಲ ಅಂತ ಯಾವಾಗ ಅರ್ಥ ಅದ?" ಎಂದು ಸಕ್ಕುಬಾಯಿ ಸಿಡಿದರು. "ನೆಟ್ಟಗ ಹೇಳಬೇಕಿತ್ತು!"

ಮೇಡಂ ತಮ್ಮ ಕೈಚೀಲ ಹೆಗಲಿಗೇರಿಸಿದರು. "ಲಾಲಪ್ಪ, ನೀವು ಸಾಧಿಸಿದ್ದು ಇಷ್ಟು. ಡಬ್ಬಿಗೆ ಆಡೋ ಹುಡುಗರು ನೌಕರಿಗಾದ್ರ ಇನ್ನೂ ಜೋರ ಆಡ್ತಾರ. ಇದು ನಿಮ್ಮ ವಿಷಯದ ತದ್ವಿರುದ್ಧ. ರಿಕ್ಷಾ ಕರೀರಿ."

ಮಾಸ್ತರರು ಗೇಟಿಗೆ ಹೋಗಿ ಕೈ ಚಾಚಿದರು. ಬಂದ ರಿಕ್ಷಾಗಳೆಲ್ಲ ಸದಾಶಿವ ಪೇಠ ಎಂಬ ಹೆಸರು ಕೇಳಿ ಮುಂದೆ ಹೋದವು. ಅವರ ಕಣ್ಣ ಮುಂದೆ ಹಿತ್ತಾಳೆಯ ಫಲಕ, ಅದನ್ನು ಬಿಚ್ಚಿದ ಮೇಲೆ ಬಾಗಿಲಲ್ಲಿ ಉಳಿಯುವ ನಾಲ್ಕು ತೂತು ತೇಲುತ್ತಿದ್ದವು. ಪುಣೆಯ ರಿಕ್ಷಾದವರ ಮೇಲೆ ಎಷ್ಟೋ ದೂರುಗಳಿವೆ. ಲಾಲಪ್ಪ ಮಾಸ್ತರರು ಅಂದಿನಿಂದ ಅವರ ವಿರುದ್ಧ ಒಂದು ಮಾತೂ ಆಡುವುದಿಲ್ಲ. ಏಕೆಂದರೆ ಮೊದಲನೆಯ ರಿಕ್ಷಾ ನಿಂತಿದ್ದರೆ ಈ ಕಥೆ ಅಲ್ಲೇ ಮುಗಿಯುತ್ತಿತ್ತು.

ಅಂಗಳದಿಂದ ಕೇಕೆ ಕೇಳಿಸಿತು. ದೊಡ್ಡವರು ಮಾಸ್ತರರನ್ನು ಬೈಯುವುದರಲ್ಲಿ ಮುಳುಗಿದ್ದಾಗ ಮಕ್ಕಳು ಕಾದು ಕಾದು ಬೇಸತ್ತು ತಾವೇ ಶುರು ಮಾಡಿದ್ದರು. ನಿಂಬೆಹಣ್ಣಿನ ಓಟ, ಚೀಲದ ಓಟ ಎರಡನ್ನೂ ಕೂಡಿಸಿ, ಚೀಲದೊಳಗೆ ನಿಂತು ಚಮಚ ಕಚ್ಚಿ ಜಿಗಿಯುವ ಹೊಸ ಆಟವೊಂದು ಅಲ್ಲೇ ಹುಟ್ಟಿತ್ತು. ಹಣ್ಣು ಬಿದ್ದರೆ ಹಿಂದಿನವನು ಅದರ ಮೇಲೆ ಬೀಳಬೇಕು. ನಿಯಮ ಹಾಗೆಯೋ, ಹಾಗೇ ಆಗುತ್ತಿತ್ತೋ ಹೇಳುವುದು ಕಷ್ಟ. ಇಸ್ತ್ರಿಯ ಚಡ್ಡಿಗಳು ಕೆಸರಾಗಿದ್ದವು. ಎಲ್ಲರ ಮುಂದೆ ಭಾಗ್ಯಾ ಇದ್ದಳು.

"ಬರ್ರೋ ಮನಿಗಿ!" ಎಂದು ಸಕ್ಕುಬಾಯಿ ಮೊಮ್ಮಗನನ್ನು ಕೂಗಿದರು. "ಏನೂ ಸಿಗಂಗಿಲ್ಲಂತ!"

"ಗೊತ್ತದ! ನಿಂದ್ರು ಆಯಿ, ಇನ್ನೊಂದಾಟ!"

"ಪುಟ್ಟಿ, ಕಮ್ ಹಿಯರ್! ಎಲ್ಲಾ ಕ್ಯಾನ್ಸಲ್!" ಎಂದ ಅವಿನಾಶ್. ಪುಟ್ಟಿ ಅವನ ಕೈಗೆ ಹೊಸ ಬೂಟುಗಳನ್ನು ಕೊಟ್ಟು ಬರಿಗಾಲಲ್ಲಿ ಓಡಿತು.

ಗೇಟಿನ ಬಳಿ ಮೇಡಂ ನಿಂತಲ್ಲೇ ತಿರುಗಿದರು. ಮೆಲ್ಲಗೆ ವಾಪಸು ನಡೆದರು. ಅಷ್ಟರಲ್ಲಿ ಒಂದು ರಿಕ್ಷಾ ತಾನಾಗಿಯೇ ಬಂದು ನಿಂತು, "ಸದಾಶಿವ ಪೇಠಾ?" ಎಂದಿತು. ಮಾಸ್ತರರು ಎರಡೂ ಕೈ ಜೋಡಿಸಿ ಅದನ್ನು ಸಾಗಹಾಕಿದರು.

ಮೇಡಂ ಆಟದ ನಡುವೆ ಹೋಗಿ ಪುಟ್ಟಿಯ ದಾರಿಗೆ ಅಡ್ಡ ನಿಂತರು. "ಈಗ ಯಾಕ ಆಡ್ಲಿಕತ್ತಿಯವ್ವಾ? ಏನೂ ಇಲ್ಲಲ್ಲ?"

"ಆಂಟೀ, ಸೈಡಿಗೆ ಹೋಗಿ!" ಎಂದಿತು ಪುಟ್ಟಿ. ಹಣ್ಣು ಕೆಳಗೆ ಬಿತ್ತು. "ನೋಡಿ, ನಿಮ್ಮಿಂದ್ಲೇ!"

ತ್ರಿವೇಣಿ ಮೇಡಂ ನಕ್ಕದ್ದನ್ನು ಮಾಸ್ತರರು ಕಂಡದ್ದು ಅದೇ ಮೊದಲು. "ಇದು ಉತ್ತರ," ಎಂದರು ಮೇಡಂ, ಕೈಚೀಲದಿಂದ ಪೆನ್ನು ತೆಗೆಯುತ್ತ. "ಲಾಲಪ್ಪ, ಇಷ್ಟ್ ದಿನದ ನಿಮ್ಮ ತಯಾರಿ ಎಲ್ಲಾ ಕಸ. ಈಗ ನಡದದಲ್ಲ, ಇದು ಸಂಶೋಧನಾ. ಬರೀರಿ. ಆದ್ರ ಒಂದೂ ಮುಚ್ಚಿಡಬಾರ್ದು. ಎಣ್ಣಿಗಾಯಿನೂ ಬರೀಬೇಕು, ಗೌರ್ಮೆಂಟ್ ಜಾಬೂ ಬರೀಬೇಕು, ಗುಲಾಬಿನೂ ಬರೀಬೇಕು."

ಅಲ್ಲಿಯೇ, ಒಂದು ಸ್ಕೂಟರಿನ ಸೀಟಿನ ಮೇಲೆ ಇಟ್ಟು, ಪ್ರಸ್ತಾವನೆಗೆ ಸಹಿ ಬಿತ್ತು.

ಸೊಸಾಯಿಟಿ ಇನ್ನೂ ಸಿಟ್ಟಿನಲ್ಲೇ ಇತ್ತು. ಮಾಸ್ತರರ ಪುಸ್ತಕದಲ್ಲಿ ತಮ್ಮ ಮಕ್ಕಳ ಆಟ ಬರುತ್ತದೆ ಎಂದು ಮೊದಲು ಹೊಳೆದದ್ದು ಅವಿನಾಶನಿಗೆ. "ಅಂದ್ರೆ ಪುಟ್ಟಿ ರಿಸರ್ಚ್‌ನಲ್ಲಿ ಬರ್ತಾಳಾ ಸಾರ್?" ಸಕ್ಕುಬಾಯಿ ಸೆರಗು ಸರಿಮಾಡಿಕೊಂಡು, "ಎಣ್ಣಿಗಾಯಿ ನಂದು ಅಂತ ಹೆಸರು ಹಾಕ್ರಿ ಮತ್ತ" ಎಂದರು. ಸಂಜೆಯ ಹೊತ್ತಿಗೆ, ತಾವೆಲ್ಲ ಮೊದಲಿನಿಂದಲೂ ಸಂಶೋಧನೆಗಾಗಿಯೇ ಕಷ್ಟಪಟ್ಟದ್ದು ಎಂಬ ವಿಷಯದಲ್ಲಿ ಸೊಸಾಯಿಟಿಯಲ್ಲಿ ಪೂರ್ಣ ಒಮ್ಮತವಿತ್ತು. ದತ್ತು ಫ್ಲೆಕ್ಸಿನ ಗುಲಾಬಿಯ ಮೇಲೆ ಮಾಸ್ತರರ ಫೋಟೊ ಅಂಟಿಸಿದ.

ಆಮೇಲೆ ಅವನು ಮೈಕ್ ಹಿಡಿದು ಕೆಮ್ಮಿದ. ಎಷ್ಟೇ ಹೇಳಿದರೂ ಮಂಡಳದ ಪದ್ಧತಿ ಮುರಿಯಲು ಅವನಿಗೆ ಮನಸ್ಸು ಬಂದಿರಲಿಲ್ಲ. ಒಂದೇ ಒಂದನ್ನು ತಂದಿಟ್ಟಿದ್ದ. "ಹುಡುಗ್ರಿಗಿ ಬ್ಯಾಡ ಅಂದೀರಿ, ಆಯ್ತು. ಆದ್ರ ನಾಲ್ಕು ಸಲ ಬರದು ಒಮ್ಮೆ ಪಾಸಾದ ನಮ್ಮ ಲಾಲಪ್ಪ ಮಾಸ್ತರಗ ಮಂಡಳದ ವತಿಯಿಂದ," ಎಂದು ದನಿ ಏರಿಸಿ, "ಉತ್ತೇಜನಾರ್ಥ!"

ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ ಹೆಸರು ಕೆತ್ತಿಸಿತ್ತು. ತಮ್ಮ ಸಿದ್ಧಾಂತ ಏನು ಹೇಳುತ್ತದೆ ಎಂದು ವಿವರಿಸಲು ಮಾಸ್ತರರು ಬಾಯಿ ತೆರೆದರು. ಚಪ್ಪಾಳೆ ಜೋರಾಗಿತ್ತು. ಬಾಯಿ ಮುಚ್ಚಿ, ಎರಡೂ ಕೈ ಚಾಚಿ, ತಲೆ ಬಾಗಿಸಿ ತೆಗೆದುಕೊಂಡರು. ಫೋಟೊ ಸರಿಯಾಗಿ ಬರಲಿಲ್ಲವೆಂದು ದತ್ತು ಹೇಳಿದಾಗ ಇನ್ನೊಮ್ಮೆ ತೆಗೆದುಕೊಂಡರು.

ಈಗ ಅದು ಅವರ ಮನೆಯ ಶೋಕೇಸಿನಲ್ಲಿದೆ. ಮನೆಗೆ ಬಂದವರಿಗೆ ಮಾಸ್ತರರು, ಆಟಕ್ಕೆ ಬಹುಮಾನದ ಅಗತ್ಯವಿಲ್ಲವೆಂದು ಸಾಧಾರವಾಗಿ ವಿವರಿಸುತ್ತಾರೆ. ವಿವರಿಸುತ್ತಲೇ ಡಬ್ಬಿಯನ್ನು, ಹೆಸರು ಅತಿಥಿಗಳ ಕಡೆ ಬರುವಂತೆ, ಸ್ವಲ್ಪ ತಿರುಗಿಸುತ್ತಾರೆ. ಮೊನ್ನೆ ಶರಣಮ್ಮ ಶೇಂಗಾ ಹಿಂಡಿ ಹಾಕಲು ಬೇರೆ ಡಬ್ಬಿ ಸಾಲದೆ ಶೋಕೇಸಿನ ಬಾಗಿಲು ಸರಿಸಿದಳು.

"ಏ, ಅದನ್ನ ಮುಟ್ಟಬ್ಯಾಡ!" ಎಂದು ಮಾಸ್ತರರು ಕುರ್ಚಿಯಿಂದ ಜಿಗಿದು ಬಂದರು.

"ಯಾಕ್ರಿ? ಡಬ್ಬಿ ಅಲ್ಲೇನು?"

"ಡಬ್ಬಿ ಅಲ್ಲ," ಎಂದರು ಲಾಲಪ್ಪ ಮಾಸ್ತರರು, ಮುಚ್ಚಳವನ್ನು ಅಂಗಿಯ ತುದಿಯಿಂದ ಒರೆಸುತ್ತ. "ಬಹುಮಾನ ಅದು."